ಚಿನ್ನದ ಅಕ್ಷರದಲ್ಲಿ ಐವತ್ತೆಂಟು

ದಡದಲ್ಲಿ ನಿಂತು ಗಂಟಲು ಹರಿದುಕೊಳ್ಳುವ ಮಹನೀಯರೇ, ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿಯ ಹಗ್ಗ ಹಿಡಿದು ಕುಳಿತ ಹುಡುಗಿ ಆ ಬೆಳಿಗ್ಗೆ ಏನಾದರೂ ತಿಂದಿದ್ದಳೇ ಎಂದು ನಿಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ಕೇಳಿದ್ದೀರಾ?

ಡಿಲಿಸ್ ಪ್ರಾಬರ್ಟ್‌ಳನ್ನು ಯಾರೂ ಕೇಳಲಿಲ್ಲ. ಅವಳು ವೇಲ್ಸ್‌ನ ಗಣಿಯೂರೊಂದರ ಬೇಕರಿಯವನ ಮಗಳು. ಕೇಂಬ್ರಿಡ್ಜಿನ ಸೇಂಟ್ ಓಸಿತ್ ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಅಕ್ಟೋಬರಿನಲ್ಲಿ ಅವಳನ್ನು ಹೆಂಗಸರ ಮೊದಲನೆಯ ದೋಣಿಗೆ ಚುಕ್ಕಾಣಿ ಹಿಡಿಯುವ ಕಾಕ್ಸ್ ಆಗಿ ಆರಿಸಿದರು. ಹುಟ್ಟು ಹಾಕುವ ಎಂಟು ಮಂದಿ ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಒಂಬತ್ತು ಜನರಲ್ಲಿ ಮುಂದಿನದನ್ನು ಕಾಣುವ ಕಣ್ಣು ಕಾಕ್ಸ್‌ನದು ಮಾತ್ರ. ಆ ಕಣ್ಣನ್ನು ಹಸಿವಿನಿಂದ ಮಂಜಾಗಿಸುವುದೇ ಜಾಣತನವೆಂದು ನಂಬಿದ್ದವರು ತರಬೇತುದಾರ ಲೆಡ್‌ಬೆಟರ್.

ಅವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ, ವೃತ್ತಿಯಲ್ಲಿ ವಕೀಲರು. ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಅವರನ್ನು ಎದುರಿಸುವುದು ಸುಲಭವಾಗುತ್ತಿತ್ತು. ದೋಣಿಮನೆಯ ಬಾಗಿಲ ಬಳಿ ಅವರು ಒಂದು ತೂಕದ ಯಂತ್ರ ಇರಿಸಿದ್ದರು. ಹುಟ್ಟು ಹಾಕುವವರು ಅದರ ಕಡೆ ತಿರುಗಿಯೂ ನೋಡಬೇಕಾಗಿರಲಿಲ್ಲ. ಡಿಲಿಸ್ ಮಾತ್ರ ಪ್ರತಿ ಸೋಮವಾರ ಎಲ್ಲರೆದುರು ಅದರ ಮೇಲೆ ನಿಲ್ಲಬೇಕಿತ್ತು.

"ಐವತ್ತೆಂಟು," ಎಂದರು ಮೊದಲ ಸೋಮವಾರ. "ನೋಡಮ್ಮ, ನೀನು ದೋಣಿ ನಡೆಸೋಕೆ ಬಂದಿದೀಯೋ, ಸವಾರಿ ಹೋಗೋಕೆ ಬಂದಿದೀಯೋ? ಫೆಬ್ರವರಿ ಹೊತ್ತಿಗೆ ಐವತ್ತಕ್ಕಿಳಿ."

"ಎಂಟು ಕಿಲೋ ಎಲ್ಲಿಂದ ತೆಗೀಲಿ ಸರ್? ಒಂದು ಕಾಲು ಮನೇಲಿ ಬಿಟ್ಟು ಬರ್ಲಾ?"

ಎಲ್ಲರೂ ನಕ್ಕರು, ಲೆಡ್‌ಬೆಟರ್ ಕೂಡ. ಆದರೆ ಯಂತ್ರ ಅಲ್ಲಿಂದ ಕದಲಲಿಲ್ಲ.

ನವೆಂಬರಿನಲ್ಲಿ ಅವಳು ಬ್ರೆಡ್ಡು ಬಿಟ್ಟಳು. ಡಿಸೆಂಬರಿನಲ್ಲಿ ರಾತ್ರಿಯೂಟ ಬಿಟ್ಟಳು. ಜನವರಿಯ ಹಿಮಗಾಳಿಯಲ್ಲಿ, ಎಂಟು ಮಂದಿ ಬೆವರುತ್ತಿರುವಾಗ, ಅಲುಗದೆ ಕೂರಬೇಕಾದ ಅವಳೊಬ್ಬಳೇ ಹಲ್ಲು ಕಟಕಟಿಸುತ್ತ ಬಿಸಿನೀರಿನ ಬಾಟಲಿಯನ್ನು ಹೊಟ್ಟೆಗೆ ಒತ್ತಿಕೊಂಡಿರುತ್ತಿದ್ದಳು. ಯಂತ್ರ ಐವತ್ತೊಂದು ತೋರಿಸಿದ ದಿನ ಲೆಡ್‌ಬೆಟರ್ ಚಪ್ಪಾಳೆ ತಟ್ಟಿದರು. ವಿದ್ಯೆ ಕಲಿಯಲು ಬಂದ ಹುಡುಗಿ ಕರಗುತ್ತಿದ್ದುದಕ್ಕೆ ಚಪ್ಪಾಳೆ.

ಕ್ಯಾಮ್ ನದಿ ಇಕ್ಕಟ್ಟಾದದ್ದು. ಅಲ್ಲಿ ದೋಣಿಗಳು ಪಕ್ಕಪಕ್ಕದಲ್ಲಿ ಓಡುವುದಿಲ್ಲ. ಒಂದರ ಹಿಂದೊಂದು ನಿಂತು, ತೋಪು ಹಾರಿದೊಡನೆ ಮುಂದಿನದನ್ನು ಅಟ್ಟಿಕೊಂಡು ಹೋಗಿ ಮುಟ್ಟಬೇಕು. ಮುಟ್ಟಿದವರು ಮರುದಿನ ಒಂದು ಸ್ಥಾನ ಮೇಲೆ, ಮುಟ್ಟಿಸಿಕೊಂಡವರು ಕೆಳಗೆ. ಹೀಗೆ ನಾಲ್ಕು ದಿನ. ಫೆಬ್ರವರಿಯ ಪಂದ್ಯದ ಎರಡನೆಯ ದಿನ, ಗ್ರಾಸಿ ಎಂಬ ಕಡಿದಾದ ತಿರುವಿನಲ್ಲಿ ಡಿಲಿಸ್‌ಳ ಕಣ್ಣಿಗೆ ಕತ್ತಲೆ ಬಂತು. ಅರ್ಧ ಸೇಬು ಮತ್ತು ಕರಿಕಾಫಿ ಅಷ್ಟೇ ಹೊಟ್ಟೆಯಲ್ಲಿದ್ದುದು. ಹಗ್ಗ ಎಳೆಯುವುದು ಎರಡು ಕ್ಷಣ ತಡವಾಯಿತು. ದೋಣಿ ದಡದ ಕೆಸರಿಗೆ ಮೂತಿ ತೂರಿಸಿತು. ಹಿಂದಿನವರು ಬಂದು ಮುಟ್ಟಿದರು.

"ಕಣ್ಣೆಲ್ಲಿಟ್ಟಿದ್ದೆ?" ಎಂದು ಕೇಳಿದರು ಲೆಡ್‌ಬೆಟರ್.

ಅವಳು ಅದಕ್ಕೆ ಉತ್ತರ ಕೊಟ್ಟಿದ್ದು ಏಪ್ರಿಲಿನಲ್ಲಿ. ಈಸ್ಟರ್ ರಜೆಯಲ್ಲಿ ಅಪ್ಪನ ಒಲೆಯ ಮುಂದೆ ಕುಳಿತು ಮೂರು ವಾರ ಹೊಟ್ಟೆ ತುಂಬ ಉಂಡು ಬಂದವಳು, ಮೊದಲ ಸೋಮವಾರ ಯಂತ್ರದ ಮೇಲೆ ನಿಲ್ಲಲಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತಳು. ಚೀಲದಿಂದ ಬೆಣ್ಣೆ ಸವರಿದ ಬ್ರೆಡ್ಡು ತೆಗೆದು ಎಲ್ಲರೆದುರು ತಿನ್ನತೊಡಗಿದಳು.

"ಇದೇನು ನಾಟಕ?"

"ತಿಂಡಿ ಸರ್. ನಿಮ್ಮ ಯಂತ್ರಕ್ಕೂ ಗೊತ್ತಾಗ್ಲಿ ಅಂತ. ಫೆಬ್ರವರೀಲಿ ಕಣ್ಣೆಲ್ಲಿತ್ತು ಅಂತ ಕೇಳಿದ್ರಲ್ಲ, ಹೊಟ್ಟೇಲಿತ್ತು."

"ಹಾಗಾದ್ರೆ ನಿನ್ನ ಜಾಗಕ್ಕೆ ಕೋರಾ ಬರ್ತಾಳೆ. ನಲವತ್ತೊಂಬತ್ತು ಕಿಲೋ."

"ಬರ್ಲಿ ಸರ್. ಅವಳಿಗೂ ಒಂದು ಚೂರು ಕೊಡ್ತೀನಿ."

ಒಂಬತ್ತು ದಿನ ಕೋರಾ ದೋಣಿ ನಡೆಸಿದಳು. ಪಾಪ, ಒಳ್ಳೆಯ ಹುಡುಗಿ. ರೈಲುಸೇತುವೆಯ ಕಂಬಕ್ಕೆ ಎರಡು ಸಲ ಹುಟ್ಟು ತಾಗಿಸಿದಳು, ಮೂರನೆಯ ಸಲ ಒಂದು ಹಂಸದ ಮೇಲೆಯೇ ನುಗ್ಗಿದಳು. ಡಿಲಿಸ್ ಆ ಒಂಬತ್ತು ದಿನವೂ ದಡದಲ್ಲಿ ಸೈಕಲ್ ತುಳಿಯುತ್ತ, ತಿರುವುಗಳನ್ನು ಅವಳಿಗೆ ಕೂಗಿ ಹೇಳಿಕೊಟ್ಟಳು. ಹತ್ತನೆಯ ದಿನ, ದೋಣಿಯ ನಾಯಕಿ ಟ್ಯಾಮ್ಸಿನ್ ಪೆನ್‌ಹೇಲ್, ಮೀನುಗಾರರ ಮನೆಯ ಎತ್ತರದ ಹುಡುಗಿ, ಹುಟ್ಟನ್ನು ಗೋಡೆಗೊರಗಿಸಿ ನಿಂತಳು.

"ಸರ್, ಎಂಟು ಕಿಲೋ ಹೆಚ್ಚಾದ್ರೆ ತಲೆಗೊಂದೊಂದು ಕಿಲೋ. ನಾವು ಎಳೀತೀವಿ. ದಾರಿ ತಪ್ಪಿದ ದೋಣೀನ ಎಳೆಯೋಕೆ ನಮ್ಮಿಂದಾಗಲ್ಲ."

"ಸೋತ್ರೆ?"

"ಸೋತ್ರೆ ನಾವು ಸೋತ್ವಿ. ಅವಳ ಬ್ರೆಡ್ಡು ಸೋಲಲ್ಲ."

ಜೂನಿನ ಪಂದ್ಯದಲ್ಲಿ ಅವರು ಸೋಲಲಿಲ್ಲ. ಮೂರು ದಿನ ಮೂರು ದೋಣಿ ಮುಟ್ಟಿದರು. ನಾಲ್ಕನೆಯ ದಿನ ಅದೇ ಗ್ರಾಸಿ ತಿರುವು. ಮುಂದಿನ ದೋಣಿ ಅಗಲವಾಗಿ ಸುತ್ತಿತು. ಡಿಲಿಸ್ ಒಳದಡಕ್ಕೆ ಎಷ್ಟು ಹತ್ತಿರ ತಂದಳೆಂದರೆ ಹುಟ್ಟುಗಳು ಜೊಂಡನ್ನು ಸವರಿಕೊಂಡು ಹೋದವು. "ನನ್ನ ನೋಡ್ರೇ, ಹಿಂದೆ ನೋಡ್ಬೇಡಿ, ಇನ್ನು ಹತ್ತೇ ಎಳೆತ," ಎಂದಳು. ಏಳನೆಯದಕ್ಕೇ ಮುಟ್ಟಿತು. ಪದ್ಧತಿಯಂತೆ ದಡದ ವಿಲೋ ಗಿಡದ ಕೊಂಬೆ ಮುರಿದು ಒಂಬತ್ತೂ ಜನ ಮುಡಿದುಕೊಂಡರು.

ನಾಲ್ಕು ದಿನವೂ ಗೆದ್ದ ದೋಣಿಗೆ ಒಂದು ಹುಟ್ಟನ್ನು ಬಣ್ಣ ಬಳಿದು, ಪ್ರತಿಯೊಬ್ಬರ ಹೆಸರನ್ನೂ ತೂಕವನ್ನೂ ಚಿನ್ನದ ಅಕ್ಷರದಲ್ಲಿ ಬರೆಸಿ ಗೋಡೆಗೆ ತೂಗುಹಾಕುತ್ತಾರೆ. ಲೆಡ್‌ಬೆಟರ್ ಬರೆದ ಪಟ್ಟಿಯ ಕೊನೆಯಲ್ಲಿ ಹೀಗಿತ್ತು: ಡಿ. ಪ್ರಾಬರ್ಟ್, ಕಾಕ್ಸ್, ಐವತ್ತು. ಅದು ಅವಳಿಗೆ ತಿಳಿದದ್ದು ಪಟ್ಟಿ ಬಣ್ಣದ ಅಂಗಡಿ ಸೇರಿದ ಮೇಲೆ.

"ಮೂವತ್ತು ವರ್ಷದಿಂದ ಬರೀತಿದೀನಿ ಮಗಳೇ," ಎಂದ ಆ ಅಂಗಡಿಯ ಮುದುಕ ಕಾಬೋಲ್ಡ್, ಕುಂಚ ತೊಳೆಯುತ್ತ. "ಕಾಕ್ಸ್ ಅಂದ್ರೆ ಐವತ್ತೇ. ಈ ಊರಲ್ಲಿ ಅವರೆಲ್ಲ ಒಂದೇ ತಕ್ಕಡೀಲಿ ಹುಟ್ಟಿದೋರು."

"ನಂದು ಐವತ್ತೆಂಟು. ಹಾಗೇ ಬರೀರಿ."

"ಪಟ್ಟಿ ತಿದ್ದೋಕೆ ನಾಯಕಿ ಸಹಿ ಬೇಕು."

ಅವಳು ಓಡಿಹೋಗಿ ಟ್ಯಾಮ್ಸಿನ್‌ಳನ್ನು ಪರೀಕ್ಷೆಯ ಓದಿನಿಂದ ಎಬ್ಬಿಸಿ ಕರೆತಂದಳು. ಟ್ಯಾಮ್ಸಿನ್ ಪಟ್ಟಿಯನ್ನು ನೋಡಿದಳು. ಐವತ್ತನ್ನು ಹೊಡೆದುಹಾಕಿ ಐವತ್ತೆಂಟು ಬರೆದು ಸಹಿ ಹಾಕಿದಳು. ಪೆನ್ನು ಮುಚ್ಚಲಿಲ್ಲ.

"ಏನೇ ಯೋಚ್ನೆ?"

"ನಂದೂ ಸುಳ್ಳು ಕಣೇ. ಎಪ್ಪತ್ತೆರಡು ಅಂತ ನಾನೇ ಹೇಳಿದ್ದೆ." ಟ್ಯಾಮ್ಸಿನ್ ಅದನ್ನೂ ಹೊಡೆದಳು. "ಎಪ್ಪತ್ತೊಂಬತ್ತು. ದಪ್ಪಕ್ಷರದಲ್ಲಿ ಬರೀರಿ ಅಜ್ಜ."

ಆ ಹುಟ್ಟು ಈಗ ದೋಣಿಮನೆಯ ಗೋಡೆಯ ಮೇಲಿದೆ. ಲೆಡ್‌ಬೆಟರ್ ಅದರ ಕೆಳಗೆ ನಿಂತು ಬಹಳ ಹೊತ್ತು ಓದಿದರು. ತೂಕದ ಯಂತ್ರವಂತೂ ಇನ್ನೂ ಬಾಗಿಲ ಬಳಿಯೇ ಇದೆ. ಅಕ್ಟೋಬರಿನಲ್ಲಿ ಹೊಸ ಹುಡುಗಿ ಬರುತ್ತಾಳೆ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ನೀವು ಯಾವ ದಡದವರೇ ಆಗಿರಿ, ದೋಣಿ ನೀರಿಗಿಳಿಯುವ ಮುನ್ನ ಅವಳ ಬಳಿಗೆ ಹೋಗಿ, ತಿಂಡಿಯಾಯಿತೇ ಎಂದು ಕೇಳಿ. ಇಲ್ಲವೆಂದರೆ, ಅವಳು ತಿಂದು ಮುಗಿಸುವ ತನಕ ಆ ದೋಣಿಯನ್ನು ನೀರಿಗೆ ಬಿಡಬೇಡಿ.