ನರ್ಸಮ್ಮನ ಬಾಂಡು

"ಅವರನ್ನ ಮುಂದೆ ಬಿಡ್ರಪ್ಪ. ನಮ್ಮನೆ ಮೂರೂ ಮಕ್ಕಳಿಗೆ ಸೂಜಿ ಚುಚ್ಚಿದ ಕೈ ಅದು," ಎಂದು ದರ್ಜಿ ಸಾಲಿನ ನಡುವಿನಿಂದ ಕೂಗಿದ.

"ಚುಚ್ಚೋ ಕೆಲಸ ನಿಂದೂ ಅದೇ ಅಲ್ವೇನಯ್ಯ, ಅದಕ್ಕೇ ಇಷ್ಟು ಅಭಿಮಾನ," ಎಂದರು ಯಾರೋ.

ಬೆಳಗಿನಿಂದ ನಗು ಮರೆತಿದ್ದ ಸಾಲು ಸ್ವಲ್ಪ ನಕ್ಕಿತು. ನಕ್ಕು, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನರ್ಸಮ್ಮ ಬೇಡ ಬೇಡ ಎನ್ನುತ್ತಲೇ, ನೋಯುವ ಮಂಡಿ ಹಿಡಿದುಕೊಂಡು, ಹತ್ತು ಹನ್ನೆರಡು ಜನರನ್ನು ದಾಟಿ ಮುಂದೆ ಬಂದರು.

ಗಾಜಿನ ಈಚೆ, ಬ್ಯಾಂಕಿನ ಮೂರನೇ ಕೌಂಟರಿನಲ್ಲಿ ಕೂತಿದ್ದವಳು ಅದನ್ನು ನೋಡಿದಳು. ಅವರು ಇಷ್ಟು ಬೇಗ ಬರುವುದು ಅವಳಿಗೆ ಬೇಕಿರಲಿಲ್ಲ.

ಕಳೆದ ವಾರ ದೊಡ್ಡ ಬ್ಯಾಂಕೊಂದು ಬಾಗಿಲು ಹಾಕಿತ್ತು. ಈ ಬ್ಯಾಂಕು ಕೊಟ್ಟ ಸಾಲಗಳೂ ವಾಪಸು ಬರುತ್ತಿಲ್ಲವೆಂದು ಪತ್ರಿಕೆಗಳು ಬರೆದವು. ಮೂರೇ ದಿನದಲ್ಲಿ ಷೇರಿನ ಬೆಲೆ ಅರ್ಧಕ್ಕಿಳಿಯಿತು. ಠೇವಣಿ ಇಟ್ಟವರಿಗೆ ಇನ್ನೂ ಹಣ ಸಿಗುತ್ತಿತ್ತು, ಎಷ್ಟು ದಿನವೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆದರೆ ನರ್ಸಮ್ಮನ ಚೀಲದಲ್ಲಿದ್ದದ್ದು ಬ್ಯಾಂಕಿನ ಬಾಂಡು, ಅಂದರೆ ಬ್ಯಾಂಕಿಗೇ ಸಾಲ ಕೊಟ್ಟ ಪತ್ರ. ಬಾಂಡಿನ ಹಣ ಸದ್ಯಕ್ಕೆ ಯಾರಿಗೂ ಇಲ್ಲವೆಂದು ನಿನ್ನೆ ಸಂಜೆ ಆದೇಶ ಬಂದಿತ್ತು. ಇದು ಸಾಲಿನವರ ಕಿವಿಗೆ ಬಿದ್ದರೆ ಒಂದು ಗಾಜೂ ಉಳಿಯುವುದಿಲ್ಲ ಎಂದಿದ್ದರು ಮ್ಯಾನೇಜರ್. "ಕೇಳಿದವರಿಗೆ ಮಾತ್ರ ಹೇಳಿ, ಮೆತ್ತಗೆ. ಸೀಟು ಬಿಟ್ಟು ಯಾರೂ ಏಳಬೇಡಿ."

ಆ ಬಾಂಡನ್ನು ಮಾರಿದ್ದು ಅವಳೇ. ಎರಡು ವರ್ಷದ ಹಿಂದೆ, ನರ್ಸಮ್ಮನ ಅಡುಗೆಮನೆಯಲ್ಲಿ ಕೂತು.

"ಠೇವಣಿ ಇದ್ದ ಹಾಗೇನಾ ಪುಟ್ಟಿ?" ಎಂದು ಅವರು ಕೇಳಿದ್ದರು.

"ಅದೇ ಅಂದ್ಕೊಳ್ಳಿ ಅಮ್ಮ, ಬಡ್ಡಿ ಮಾತ್ರ ಸ್ವಲ್ಪ ಜಾಸ್ತಿ."

ಅವಳಿಗೆ ಹೇಳಿಕೊಟ್ಟವರೂ ಹಾಗೇ ಹೇಳಿಕೊಟ್ಟಿದ್ದರು. ನರ್ಸಮ್ಮ ಕನ್ನಡಕ ಹುಡುಕುವ ಗೋಜಿಗೂ ಹೋಗದೆ, ಅವಳು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದ್ದರು. ಮೂವತ್ತು ವರ್ಷದಿಂದ ಬಾಡಿಗೆಗಿರುವ ಎರಡು ಕೋಣೆಗಳನ್ನು ಕೊಳ್ಳಲೆಂದು ಕೂಡಿಟ್ಟ ಹಣ ಅದು. ಶನಿವಾರದೊಳಗೆ ಕೊಡದಿದ್ದರೆ ಬೇರೆಯವರಿಗೆ ಮಾರುತ್ತೇನೆಂದು ಮಾಲೀಕ ಹೇಳಿಯಾಗಿತ್ತು.

ಹತ್ತು ಗಂಟೆಗೆ ಅವರನ್ನು ಬಾಗಿಲಲ್ಲಿ ಕಂಡಾಗಲೇ ಅವಳು ಬೇಡವೆಂದು ತಲೆಯಾಡಿಸಿದ್ದಳು. ನನ್ನ ಚಿಂತೆ ಬಿಡು, ಎಲ್ಲರ ಹಾಗೆ ಸಾಲಿನಲ್ಲೇ ಬರುತ್ತೇನೆ ಎಂಬಂತೆ ನರ್ಸಮ್ಮ ನಕ್ಕು ಕೈಬೀಸಿದ್ದರು. ಆಮೇಲೆ ಯಾರೋ ಅವರಿಗೆ ನೀರು ಕೊಟ್ಟರು. ಒಬ್ಬಾಕೆ ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕುರ್ಚಿ ಬಿಟ್ಟುಕೊಟ್ಟಳು. ಒಂದೊಂದನ್ನೂ ಅವಳು ಕೂತಲ್ಲಿಂದಲೇ ನೋಡಿದ್ದಳು.

ಗಾಜಿನ ಕೆಳಗಿನ ಕಿಂಡಿಯಿಂದ ಬಾಂಡು ಒಳಗೆ ಬಂತು.

"ಊಟ ಮಾಡಿದ್ಯೇನೇ? ಮುಖ ಎಷ್ಟು ಬಾಡಿದೆ ನೋಡು," ಎಂದರು ನರ್ಸಮ್ಮ.

"ಅಮ್ಮ..." ಅವಳು ಕಿಂಡಿಯ ಹತ್ತಿರಕ್ಕೆ ಬಗ್ಗಿದಳು. "ಇದು ಠೇವಣಿ ಅಲ್ಲಮ್ಮ. ಇದಕ್ಕೆ ಈಗ ದುಡ್ಡು ಕೊಡೋ ಹಾಗಿಲ್ಲ."

"ಹಾಗಾದ್ರೆ ನಾಳೆ ಬರ್ಲಾ?"

"ನಾಳೆನೂ ಇಲ್ಲಮ್ಮ. ಯಾವಾಗ ಅಂತ ನಮಗೂ ಗೊತ್ತಿಲ್ಲ."

"ಶನಿವಾರದೊಳಗೆ ಬೇಕಲ್ಲೇ."

"ಗೊತ್ತು."

"ಎರಡೂ ಒಂದೇ ಅಂತ ನೀನೇ ಅಂದಿದ್ಯಲ್ಲ?" ರೋಗಿ ಹೇಳಿದ್ದನ್ನು ಇನ್ನೊಮ್ಮೆ ಕೇಳಿ ಖಚಿತಮಾಡಿಕೊಳ್ಳುವಂತಿತ್ತು ದನಿ.

"ಹೌದಮ್ಮ. ಅಂದಿದ್ದೆ."

ನರ್ಸಮ್ಮ ಬಾಂಡನ್ನು ಹಿಂದಕ್ಕೆಳೆದುಕೊಂಡು ಮಡಿಸಿದರು. ಚೀಲದ ಜಿಪ್ ಎರಡು ಸಲ ಸಿಕ್ಕಿಕೊಂಡಿತು.

"ಸಿಕ್ತಾ ಅಮ್ಮ?" ದರ್ಜಿ ಕತ್ತು ಉದ್ದ ಮಾಡಿದ್ದ. ಅವನ ಹಿಂದೆ ಮುಂದೆ ಇದ್ದವರೆಲ್ಲ ಮಾತು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು.

ನರ್ಸಮ್ಮ ಒಮ್ಮೆ ಗಾಜಿನ ಕಡೆ ತಿರುಗಿದರು. ಆಮೇಲೆ ಚೀಲವನ್ನು ಕಂಕುಳಿಗೆ ಸೇರಿಸಿ, "ಆಯ್ತಪ್ಪ. ಗಾಬರಿ ಆಗ್ಬೇಡಿ," ಎಂದರು.

"ನಾನು ಹೇಳ್ಲಿಲ್ವಾ! ಸುಮ್ನೆ ಬೆಳಗಿಂದ ಕಾಲು ಸವೆಸ್ಕೊಂಡ್ವಿ," ಎಂದರು ಸಾಲಿನಲ್ಲಿ ಯಾರೋ.

ಸಾಲು ಸಡಿಲವಾಯಿತು. ಅವಸರವೇನಿಲ್ಲ, ನಾಳೆ ಬಂದರಾಯಿತು ಎಂದುಕೊಂಡು ಇಬ್ಬರು ತಮ್ಮ ಠೇವಣಿ ರಸೀದಿಗಳನ್ನು ಜೇಬಿಗೆ ಹಾಕಿ ಹೊರಟೇಬಿಟ್ಟರು. ಅವರನ್ನು ತಡೆಯಲೆಂದು ಅವಳು ಅರ್ಧ ಎದ್ದಳು. ಮ್ಯಾನೇಜರ್ ತಮ್ಮ ಕೋಣೆಯ ಬಾಗಿಲಲ್ಲೇ ನಿಂತು ಅವಳನ್ನೇ ನೋಡುತ್ತಿದ್ದರು.

ಅವಳು ಕೂತಳು. ಹೊರಗೆ ಮೆಟ್ಟಿಲ ಮೇಲೆ ಆ ಇಬ್ಬರು ಆಚೀಚೆ ನಿಂತು, ನರ್ಸಮ್ಮನ ಮೊಣಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದರು.