ರಣಹದ್ದುಗಳಿಗೆ ಬಡಿಸಿದ ಹಸು

ಪ್ರೆಹ್ ವಿಹಿಯರ್ ಪ್ರಾಂತ್ಯದ ಈ ಮೂಲೆಗೆ ಜನ ಬರುವುದು ಎರಡೇ ಕಾರಣಕ್ಕೆ. ಕಾಡೊಳಗಿನ ಹಳೇ ಗುಡಿ ಒಂದು, ಅದರ ಹಿಂದಿನ ಬಯಲಿಗೆ ಇಳಿಯುವ ರಣಹದ್ದು ಇನ್ನೊಂದು. ಗುಡಿ ಎಲ್ಲಿಗೂ ಹೋಗುವುದಿಲ್ಲ, ಹದ್ದುಗಳದ್ದೇ ಚಿಂತೆ. ನಾನು ಚಿಕ್ಕವನಿದ್ದಾಗ ಒಂದು ಎಮ್ಮೆ ಸತ್ತರೆ ಆಕಾಶವೇ ಕಪ್ಪಾಗುತ್ತಿತ್ತು. ಈಗ ಬೆರಳಲ್ಲಿ ಎಣಿಸಿ ಮುಗಿಸಬಹುದು. ಅವಕ್ಕೆ ವಿಷವಿಲ್ಲದ ಮಾಂಸ ಸಿಗಲೆಂದು ಆಗಾಗ ಒಂದು ಮುದಿ ಹಸುವನ್ನು ಕಡಿದು ಬಯಲಲ್ಲಿ ಹಾಕುತ್ತೇವೆ, ನೋಡಲು ಬಂದವರನ್ನು ಸೊಪ್ಪು ಹೊದಿಸಿದ ಗುಡಿಸಲಲ್ಲಿ ಅಡಗಿಸಿ ಕೂರಿಸುತ್ತೇವೆ. ಹದ್ದು ಇರುವ ತನಕ ಈ ಕಾಡಿನ ಪರವಾಗಿ ಮಾತಾಡುವವರಿದ್ದಾರೆ. ಹದ್ದು ಹೋಯಿತೋ, ಬಡಗಣ ಕಡೆ ಕಬ್ಬಿಗೆಂದು ಮರ ಉರುಳಿಸುತ್ತಿರುವ ಯಂತ್ರಗಳು ಇತ್ತ ತಿರುಗುತ್ತವೆ, ಅಷ್ಟೇ.

ಈ ಸಲ ಮಾತಾಗಿದ್ದ ಹಸು ಕೈತಪ್ಪಿತು. ನನ್ನ ತಂಗಿ ಚಾಂಥು ತನ್ನದನ್ನೇ ಕೊಡುತ್ತೇನೆ ಅಂದಳು. ಗಂಡ ತೀರಿಕೊಂಡ ಮೇಲೆ ಅವಳ ಗಾಡಿ ಎಳೆದು ಸವೆದ ಹಸು ಅದು, ಹಿಂಗಾಲು ಊದಿಕೊಂಡಿತ್ತು.

"ಮದ್ದುಗಿದ್ದು ಏನಾದ್ರೂ ಹಾಕ್ಸಿದ್ಯಾ?" ಅಂತ ಕೇಳಿದೆ.

"ನಂಗೇ ಜ್ವರ ಬಂದ್ರೆ ಬೇರು ಅರೆದು ಕುಡೀತೀನಿ, ಇದಕ್ಕೆಲ್ಲಿಂದ ಹಾಕ್ಸಲಿ ಅಣ್ಣ?"

ನೋವಿಗೆ ಕೊಡುವ ಒಂದು ಸೂಜಿಮದ್ದಿದೆ. ಹಸುವಿಗೆ ಹಿತ, ಆ ಮಾಂಸ ತಿಂದ ಹದ್ದಿಗೆ ಯಮ. ಅದನ್ನೆಲ್ಲ ಅವಳಿಗೆ ಬಿಡಿಸಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಬಂತಲ್ಲ ಅಂತ ಎದ್ದು ಬಂದೆ.

ಕೊಡುವ ದಿನ ಹಸು ನೆಟ್ಟಗೆ ನಡೆದುಕೊಂಡು ಬಂತು. "ಸಾಯೋಕೆ ಹೊರಟವಳ ಗತ್ತು ನೋಡು," ಅಂತ ನಾನೇ ನಕ್ಕೆ. ಚಾಂಥು ನಗದೆ ಅದರ ಹಣೆ ಸವರಿ ಬಂದವರಿಗೆ ಅಡುಗೆ ಮಾಡಲು ಹೋದಳು.

ಮರುದಿನ ಬೆಳಕು ಹರಿಯುವ ಮೊದಲೇ ಗುಡಿಸಲು ಸೇರಿದೆವು. ನಾನು, ರಾಜಧಾನಿ ನಾಮ್ ಪೆನ್‌ನಿಂದ ಬಂದು ಹಕ್ಕಿಗಳನ್ನು ಕಾಯುವ ಕೆಲಸ ಮಾಡುವ ವಿರಕ್, ಜೊತೆಗೆ ಉದ್ದುದ್ದ ಕ್ಯಾಮೆರಾದ ಪರದೇಶದವರು. ಹಿಂದಿನ ಎರಡು ಸಲ ಒಂದು ಹದ್ದೂ ಇಳಿದಿರಲಿಲ್ಲ. ವಿರಕ್ ಉಗುರು ಕಚ್ಚುತ್ತಿದ್ದ.

ಮೊದಲು ಒಂದು ಬಂದು ಗುಡಿಯ ಮುರಿದ ಶಿಖರದ ಮೇಲೆ ಕೂತಿತು. ಆಮೇಲೆ ಕೆಂಪು ತಲೆಯ ಜೋಡಿ. ನೋಡುತ್ತಿದ್ದಂತೆ ನನಗೆ ಗೊತ್ತಿದ್ದ ಅಷ್ಟೂ ಇಳಿದು ಹಸುವಿನ ಮೇಲೆ ಮುಗಿಬಿದ್ದವು. "ಚಿಕ್ಕಪ್ಪ, ಎಲ್ಲಾ ಬಂದ್ವು," ಅಂತ ವಿರಕ್ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ನನಗೂ ಸಂತೋಷ ತಡೆಯಲಾಗಲಿಲ್ಲ.

ಅವು ಹೊಟ್ಟೆ ತುಂಬ ತಿನ್ನುವ ಹೊತ್ತಿಗೆ ಚಾಂಥು ಬಾಳೆಲೆಯಲ್ಲಿ ಕಟ್ಟಿದ ಅನ್ನ ಹಿಡಿದು ಹಿಂದಿನಿಂದ ನುಸುಳಿ ಬಂದಳು. ಕಿಂಡಿಯಿಂದ ಒಮ್ಮೆ ನೋಡಿ ಮುಖ ತಿರುಗಿಸಿದಳು.

"ಕೊನೇ ದಿನ ನೋವಿಲ್ದೆ ನಡೀತಲ್ಲ, ಅಷ್ಟು ಸಾಕು," ಅಂತ ಪಿಸುಗುಟ್ಟಿದಳು.

"ಅಂದ್ರೆ?"

"ನೀನು ಕೇಳಿ ಹೋದ ಮಾರನೇ ದಿನ ಅದು ಏಳ್ಲೇ ಇಲ್ಲ ಅಣ್ಣ. ಹೊಡೆದು ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಮದ್ದು ಮಾರೋನು ಬಂದಿದ್ದ, ನೋವಿಗೆ ಸೂಜಿ ಹಾಕಿಸ್ದೆ. ಕೊಡೋ ದಿನಾನೂ ಒಂದು."

ಗುಡಿಸಲ ತಟ್ಟಿಯನ್ನು ಒದ್ದು ಬಯಲಿಗೆ ಓಡಿದೆ. ಕೂಗಿದೆ, ಕೈ ಬೀಸಿದೆ, ಹೆಂಟೆ ಎಸೆದೆ. ಹದ್ದುಗಳೆಲ್ಲ ಒಟ್ಟಿಗೆ ಎದ್ದು ಗುಡಿಯ ಮೇಲೆ ಸುತ್ತು ಹಾಕಿದವು. ಹಿಂದೆ ಕ್ಯಾಮೆರಾಗಳ ಸದ್ದು, ಆಮೇಲೆ ಚಪ್ಪಾಳೆ. ತಮಗೆಂದೇ ಹಾರಿಸಿದೆ ಅಂದುಕೊಂಡರು.

"ನಿಮಗೇನು ತಲೆ ಕೆಟ್ಟಿದ್ಯಾ?" ಅಂತ ವಿರಕ್ ಓಡಿ ಬಂದ. ಹೇಳಿದೆ. ಅವನು ಹಸುವಿನ ಕಡೆ ನೋಡಿದ. ಪಕ್ಕೆಲುಬು ಆಗಲೇ ಬೆಳ್ಳಗೆ ಕಾಣುತ್ತಿತ್ತು.

ಉಳಿದದ್ದನ್ನು ಹೂತೆವು. ಬಂದವರು ಕೈಮುಗಿದು, ಇಂಥ ಬೆಳಗು ಜನ್ಮದಲ್ಲಿ ನೋಡಿರಲಿಲ್ಲ ಅಂತ ಹೇಳಿ ಹೋದರು.

ಆಮೇಲಿನ ದಿನಗಳಲ್ಲಿ ಹದ್ದುಗಳನ್ನು ಹುಡುಕುವುದೇ ಕೆಲಸವಾಯಿತು. ಒಂದು ಹೊಳೆಯ ಪಕ್ಕ ಸತ್ತು ಬಿದ್ದಿತ್ತು, ಎರಡು ಮರದಡಿ. ಕೆಂಪು ತಲೆಯದೊಂದು ಗುಡಿಯ ಬಾಗಿಲ ಬಳಿ ಇನ್ನೂ ಜೀವ ಹಿಡಿದುಕೊಂಡಿತ್ತು. ಆ ಬಾಗಿಲ ಮೇಲಿನ ಕಲ್ಲಿನಲ್ಲಿ ರಾವಣನಿಗೆ ಅಡ್ಡಬಂದ ಜಟಾಯು ಇದ್ದಾನೆ. ಕೆಳಗೆ ಇದು ಕತ್ತು ಜೋಲು ಬಿಟ್ಟು ಕೂತಿತ್ತು. ನಾನು ಹತ್ತಿರ ಹೋದರೂ ಕದಲಲಿಲ್ಲ.

ಚಾಂಥು ಬಟ್ಟಲಲ್ಲಿ ನೀರು ತಂದಿಟ್ಟಳು. ಅದು ಮುಟ್ಟಲಿಲ್ಲ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ನೋಡಿದಳು.

"ಅದಕ್ಕೆ ನೋವಾಗ್ತಿದ್ಯಾ ಅಣ್ಣ?"

ನನ್ನ ಹಾಳು ನಾಲಗೆ ಸುಮ್ಮನಿರಲಿಲ್ಲ.

"ಯಾಕಾಗುತ್ತೆ? ನೋವಿನ ಮದ್ದು ನೀನೇ ಕೊಟ್ಟಿದ್ದೀಯಲ್ಲ."

ಅವಳು ಹದ್ದಿನ ಕತ್ತು ನೆಲಕ್ಕೆ ತಾಗುವ ತನಕ ಕೂತಿದ್ದು, ಬಟ್ಟಲಿನ ನೀರು ಚೆಲ್ಲಿ, ನನ್ನ ಕಡೆ ನೋಡದೆ ಎದ್ದು ಹೋದಳು. ಬಡಗಣ ಕಡೆಯಿಂದ ಯಂತ್ರಗಳ ಸದ್ದು ಕೇಳುತ್ತಿತ್ತು.