ಗುರುತು ಹಾಕಿದ ಶಾಕಪ್ಪು

ಪುಣೆ ಹತ್ತಿರದ ದೇಹೂ ರೋಡಿನ ಸೈನ್ಯದ ಡಿಪೊದಲ್ಲಿ ಸಿದ್ದಲಿಂಗಪ್ಪನವರು ಮೂವತ್ತೊಂದು ವರ್ಷ ಸ್ಟೋರ್ ಕ್ಲಾರ್ಕ್ ಆಗಿದ್ದರು. ಪೆಟ್ಟಿಗೆ ಬಿಚ್ಚಿಸಿ ಒಳಗಿನದನ್ನು ಕಣ್ಣಾರೆ ನೋಡದೆ ಒಂದು ಸಹಿಯನ್ನೂ ಹಾಕಿದವರಲ್ಲ. ಎರಡು ಸಾವಿರದ ಒಂದರಲ್ಲಿ ನಿವೃತ್ತರಾದರೂ ಆ ಚಟ ಬಿಡಲಿಲ್ಲ. ಹಾಲಿನವನು ಹಾಕಿಹೋದ ಹಾಲಿಗೆ ಬೆರಳದ್ದಿ ನೋಡುವರು. ಇಸ್ತ್ರಿಯಿಂದ ಬಂದ ಅಂಗಿಯ ಕಾಲರಿನ ಒಳಗೆ ತಾವೇ ಹೊಲಿದ ಕೆಂಪು ದಾರವನ್ನು ಹುಡುಕುವರು. ಹೆಂಡತಿ ಚನ್ನಬಸವ್ವ ಮೊದಮೊದಲು ಇದಕ್ಕೆ ನಗುತ್ತಿದ್ದಳು. ಆಮೇಲಾಮೇಲೆ ನಗುವುದನ್ನು ಬಿಟ್ಟಳು.

ನಿವೃತ್ತರಾದ ವರ್ಷವೇ ಅವರು ಬೂದು ಬಣ್ಣದ ಒಂದು ಹಳೆಯ ಸೆಡಾನ್ ಕಾರು ಕೊಂಡರು. ಮರುವರ್ಷ ಚನ್ನಬಸವ್ವನಿಗೆ ಬೆನ್ನುನೋವು ಹಿಡಿಯಿತು. ಬೆನ್ನೆಲುಬಿನ ಮಣಿಯೊಂದು ಜರುಗಿದೆ, ಮೈ ಕುಲುಕಬಾರದು ಎಂದರು ಡಾಕ್ಟರು. ಅದೇ ಹೊತ್ತಿಗೆ ಸಾಸವಡಕ್ಕೆ ಕೊಟ್ಟ ಮಗಳು ಮಾಧುರಿಗೆ ದಿನ ತುಂಬಿದ್ದವು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕಾದವಳು, ಅವ್ವನಿಗೆ ಏಳಲಿಕ್ಕೇ ಆಗುವುದಿಲ್ಲವೆಂದು ಅತ್ತೆಯ ಮನೆಯಲ್ಲೇ ಉಳಿದಳು. ಹೆಣ್ಣು ಕೂಸು ಹುಟ್ಟಿತು. ಪುಣೆಯಿಂದ ಸಾಸವಡ ದೂರವೇನಲ್ಲ, ಆದರೆ ಆ ವರ್ಷದ ಮಳೆಗೆ ಘಾಟಿನ ರಸ್ತೆ ಕಿತ್ತುಹೋಗಿ ಮೊಳಕಾಲುದ್ದದ ತಗ್ಗುಗಳು ಬಿದ್ದಿದ್ದವು. ಕಾರು ಒಂದು ತಗ್ಗಿಗಿಳಿದರೆ ಒಳಗೆ ಕೂತವರ ಹಲ್ಲು ಕಟಕಟ ಎನ್ನುತ್ತಿದ್ದವು.

ಉಪಾಯ ಹೇಳಿದವನು ಚನ್ನಬಸವ್ವನ ತಮ್ಮ ಮಾಂತು. ಸದಾಶಿವ ಪೇಠದಲ್ಲಿ ಕ್ಲಾಸಿಗೆ ಬರುವ ಹುಡುಗರಿಗೆ ನೋಟ್ಸು ತೆಗೆದುಕೊಡುವ ಝೆರಾಕ್ಸ್ ಅಂಗಡಿ ಅವನದು.

"ಮಾಮಾ, ಗಾಡಿ ಕುಲುಕು ತಡಿಯೂ ಶಾಕಪ್ಪು, ಸ್ಪ್ರಿಂಗು ನಾಲ್ಕೂ ಬದಲಿ ಮಾಡಿಸ್ರಿ. ನಮ್ಮ ಅಂಗಡಿ ಹಿಂದಿನ ಓಣ್ಯಾಗ ಏಕನಾಥ ಅಂತ ಒಬ್ಬ ಮೆಕ್ಯಾನಿಕ್ ಇದ್ದಾನ. ರೇಸಿನ ಗಾಡಿ ಮಾಡಿದ ಕೈ ಅದು. ಗಾಡಿ ಒಂದೀಟು ಎತ್ತರ ಆಗ್ತದ, ತಗ್ಗಿಗಿಳದ್ರೂ ಅಕ್ಕಗ ಗೊತ್ತಾಗಂಗಿಲ್ಲ."

"ಅದರಾಗ ನಿನಗೇನು ಸಿಗ್ತದ?" ಎಂದರು ಸಿದ್ದಲಿಂಗಪ್ಪ.

ಮಾಂತು ಮುಖ ಕೆಳಗೆ ಹಾಕಿದ. "ಅಕ್ಕ ಮೊಮ್ಮಗಳ ಮಾರಿ ನೋಡ್ತಾಳಲ್ರಿ, ಅಷ್ಟ."

ಸಿದ್ದಲಿಂಗಪ್ಪನವರಿಗೆ ಮಾಂತುವಿನ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಹದಿನೆಂಟು ವರ್ಷದ ಹಿಂದೆ ಅವರ ಸ್ಕೂಟರ್ ಒಯ್ದು, ಎಲ್ಲೋ ತಾಗಿಸಿ, ಏನೂ ಹೇಳದೆ ತಂದು ನಿಲ್ಲಿಸಿ ಹೋಗಿದ್ದ. ಹಾಗಾಗಿ ಅವರು ಯೋಚಿಸಿ ಒಂದು ದಾರಿ ಹುಡುಕಿದರು. ಕೆಲಸ ಏಕನಾಥನೇ ಮಾಡಲಿ, ಸಾಮಾನು ಮಾತ್ರ ತಾವೇ ತರುವುದು. ನಾನಾ ಪೇಠದಲ್ಲಿ ನಿಜಲಿಂಗಪ್ಪನ ಬಿಡಿಭಾಗಗಳ ಅಂಗಡಿಯಿತ್ತು. ಅವನು ಬಾಗಲಕೋಟೆ ಕಡೆಯವನು, ನಮ್ಮವನು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಹೋದ ಕೂಡಲೇ ಚಹಾ. "ನಿಮಗ ಖೋಟಾ ಮಾಲು ಕೊಟ್ಟು ನಾ ಎಲ್ಲಿಗೆ ಹೋಗ್ಲಿ, ಸಾಹೇಬ್ರ?" ಎಂದು ಅವನೇ ಆರಿಸಿ ಕೊಟ್ಟ. ಆ ಒಂದು ದಿನ ಮಾತ್ರ ಸಿದ್ದಲಿಂಗಪ್ಪ ಡಬ್ಬಿ ಬಿಚ್ಚಿಸಿ ನೋಡಲಿಲ್ಲ.

ಮನೆಗೆ ತಂದ ಮೇಲೆ ನಾಲ್ಕೂ ಶಾಕಪ್ಪುಗಳ ಮೇಲೆ, ಕಂಪನಿಯ ಲೇಬಲ್ಲಿನ ಅಂಚಿಗೆ, ಅರ್ಧ ಕಾಗದದ ಮೇಲೆ ಅರ್ಧ ಕಬ್ಬಿಣದ ಮೇಲೆ ಬರುವಂತೆ ಹಸಿರು ಬಣ್ಣದಲ್ಲಿ 'ಸಿ' ಎಂದು ಬರೆದರು. ಪುಣೆಯ ಮೆಕ್ಯಾನಿಕ್‌ಗೆ ಕನ್ನಡ ಅಕ್ಷರ ಬರೆಯಲಿಕ್ಕೆ ಬರುವುದಿಲ್ಲ ಎಂಬುದು ಅವರ ಲೆಕ್ಕ.

ಕೆಲಸದ ದಿನ ಬೆಳಗಿನಿಂದ ಗ್ಯಾರೇಜಿನಲ್ಲಿ ಒಂದು ಹಳೆಯ ಸೀಟಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದರು. ಏಕನಾಥ ಮಾತು ಕಡಿಮೆಯ ಮನುಷ್ಯ. ಜ್ಯಾಕು ಕೊಟ್ಟ, ಮುಂದಿನ ಎರಡು ಗಾಲಿ ಬಿಚ್ಚಿದ, ಹೊಸ ಸ್ಪ್ರಿಂಗು, ಹೊಸ ಶಾಕಪ್ಪು ಕೂರಿಸಿದ. ಮಧ್ಯಾಹ್ನ ಒಂದಾಯಿತು. ರಕ್ತದೊತ್ತಡದ ಗುಳಿಗೆ ಮನೆಯಲ್ಲಿ ಉಳಿದಿತ್ತು, ಸಿದ್ದಲಿಂಗಪ್ಪ ಎದ್ದು ಹೋಗಲೇಬೇಕಾಯಿತು. ಉಂಡು ತಿರುಗಿ ಬಂದಾಗ ಹಿಂದಿನ ಗಾಲಿಗಳೂ ಕೂತುಬಿಟ್ಟಿದ್ದವು. ಮಾಂತು ಅಲ್ಲಿದ್ದ. ಇಬ್ಬರೂ ತಲೆಗೆ ತಲೆ ಹಚ್ಚಿ ಏನೋ ಮಾತಾಡುತ್ತಿದ್ದವರು ಇವರನ್ನು ಕಂಡು ಸುಮ್ಮನಾದರು.

"ಏನು ಮಾತು ನಡದಿತ್ತು?"

"ಏನಿಲ್ರಿ ಮಾಮಾ, ಮಳಿ ಬಗ್ಗೆ," ಎಂದ ಮಾಂತು.

ಹೊರಗೆ ಚುರುಗುಟ್ಟುವ ಬಿಸಿಲಿತ್ತು.

ಕಾರು ಮಾತ್ರ ಬೇರೆಯೇ ಆಗಿತ್ತು. ಓಣಿಯ ಬಾಯಲ್ಲಿದ್ದ ಚರಂಡಿಯ ತಗ್ಗನ್ನು ದಾಟಿದ್ದೇ ತಿಳಿಯಲಿಲ್ಲ. ತಿರುವಿನಲ್ಲಿ ಮೊದಲಿನ ಹಾಗೆ ಮಗ್ಗಲಿಗೆ ವಾಲಲೂ ಇಲ್ಲ. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ಸಿದ್ದಲಿಂಗಪ್ಪನವರ ತಲೆಯಲ್ಲಿ ಆ ಒಂದು ತಾಸೇ ಕೊರೆಯತೊಡಗಿತು. ಮಾಂತು ಅಂಗಡಿ ಬಿಟ್ಟು ಯಾಕೆ ಬಂದಿದ್ದ? ಬಿಸಿಲಿನಲ್ಲಿ ಎಂಥ ಮಳೆಯ ಮಾತು?

ನಾಲ್ಕು ದಿನ ಹೀಗೇ ಕಳೆದವು. ಐದನೆಯ ದಿನ ಐತವಾರ, ಸಾಸವಡದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮಾಧುರಿಯ ಸೋದರಮಾವನೆಂದು ಮಾಂತು ಹಿಂದಿನ ದಿನವೇ ಬಸ್ಸಿಗೆ ಹೋಗಿದ್ದ. ಚನ್ನಬಸವ್ವ ಎಂಟಕ್ಕೆಲ್ಲ ಇಳಕಲ್ ಸೀರೆ ಉಟ್ಟು, ಕುಂಚಿಗೆ, ಬೆಳ್ಳಿ ಉಡದಾರ, ಕುಬಸದ ಖಣ ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಸಿದ್ದಲಿಂಗಪ್ಪನವರಿಗೆ ಘಾಟು ಹತ್ತುವ ಮೊದಲು ಒಮ್ಮೆ ನೋಡಿಬಿಡೋಣ ಅನಿಸಿತು. ಗೋಣಿಚೀಲ ಹಾಸಿ ಅಂಗಾತ ಮಲಗಿ, ಕಾರಿನ ಕೆಳಗೆ ಬ್ಯಾಟರಿ ಬಿಟ್ಟು ನೋಡಿದರು. ಮುಂದಿನ ಎರಡರ ಮೇಲೂ ಹಸಿರು 'ಸಿ' ಇತ್ತು. ಹಿಂದಿನ ಎರಡರ ಮೇಲೆ ಏನೂ ಇರಲಿಲ್ಲ.

ಅವರು ಮೇಲೆದ್ದಾಗ ಮುಖದಲ್ಲಿ ಸಿಟ್ಟಿಗಿಂತ ಗೆಲುವೇ ಹೆಚ್ಚಾಗಿತ್ತು.

"ನೋಡು, ನಿನ್ನ ತಮ್ಮ ಮಾಡಿದ ಕೆಲಸ. ನನ್ನ ಮಾಲು ತಗದು ಯಾವದೋ ಹಾಕಿಸ್ಯಾನ. ಗಾಡಿ ಎಲ್ಲೂ ಹೋಗೂದಿಲ್ಲ."

"ನಾಕು ದಿನದಿಂದ ಅಡ್ಡಾಡ್ಲಿಕ್ಕೆ ಹತ್ತೀರಲ್ಲ, ಚಲೋ ನಡದದಲ್ಲ. ಸಾಸವಡಕ್ಕ ಹೋಗಿ ಬಂದು ಕೇಳ್ರಿ," ಎಂದಳು ಚನ್ನಬಸವ್ವ.

"ಘಾಟಿನ್ಯಾಗ ಮುರದ್ರ?"

"ಹನ್ನೊಂದಕ್ಕ ತೊಟ್ಟಿಲಾ ಅದರೀ."

ಅವರು ಆಗಲೇ ಕಾರು ಚಾಲೂ ಮಾಡಿದ್ದರು.

ಐತವಾರವಾದ್ದರಿಂದ ಏಕನಾಥ ಗ್ಯಾರೇಜಿಗೆ ಬಂದಾಗ ಹನ್ನೊಂದು ದಾಟಿತ್ತು. ಸಿದ್ದಲಿಂಗಪ್ಪ ಮೂವತ್ತೊಂದು ವರ್ಷದ ಸರಕಾರಿ ಮರಾಠಿಯನ್ನೆಲ್ಲ ಅವನ ಮೇಲೆ ಸುರಿದರು. ಕಳ್ಳತನ ಎಂದರು, ಪೊಲೀಸು ಎಂದರು. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿಟ್ಟಿದ್ದ ಎರಡು ಶಾಕಪ್ಪು ತಂದು ಅವರ ಎದುರಿಗಿಟ್ಟ. ಎರಡರ ಮೇಲೂ ಅವರ 'ಸಿ' ಇತ್ತು.

"ಕಾಕಾ, ನೀವೇ ಒತ್ತಿ ನೋಡಿ," ಎಂದ ಮರಾಠಿಯಲ್ಲಿ.

ಸಿದ್ದಲಿಂಗಪ್ಪ ದಂಡವನ್ನು ಒತ್ತಿದರು. ಅದು ಬೆಣ್ಣೆಯೊಳಗೆ ಇಳಿದಂತೆ ಇಳಿದು ಅಲ್ಲೇ ಕೂತಿತು, ಮೇಲೆ ಬರಲಿಲ್ಲ. ಅದರ ಕುತ್ತಿಗೆಯಲ್ಲಿ ಎಣ್ಣೆ ಒಸರಿ ಅವರ ಬೆರಳಿಗೆ ಹತ್ತಿತು. ಏಕನಾಥ ಉಗುರಿನಿಂದ ಲೇಬಲ್ಲಿನ ಮೂಲೆ ಎತ್ತಿ ಮೆಲ್ಲಗೆ ಕಿತ್ತ. 'ಸಿ'ಯ ಅರ್ಧ ಕಾಗದದೊಡನೆ ಬಂತು, ಇನ್ನರ್ಧ ಕಬ್ಬಿಣದ ಮೇಲೆ ಉಳಿಯಿತು. ಲೇಬಲ್ಲಿದ್ದ ಜಾಗದಲ್ಲಿ ಹಳೆಯ ಗೀರು, ತುಕ್ಕು, ಯಾವುದೋ ಕಾಲದ ಕಪ್ಪು ಬಣ್ಣ. ಯಾವುದೋ ಹಳೆಯ ಗಾಡಿಯಿಂದ ಬಿಚ್ಚಿದ್ದನ್ನು ತಿಕ್ಕಿ, ಬಣ್ಣ ಬಳಿದು, ಡಬ್ಬಿಗೆ ತುಂಬಿದ್ದರು.

"ಮುಂದಿನವು ಅಸಲಿ ಇದ್ದವು. ಇವನ್ನು ಹಾಕಿದ್ದರೆ ನಿಮ್ಮ ಮನೆಯವರ ಬೆನ್ನು ಘಾಟು ಮುಗಿಯುವುದರೊಳಗೆ ಮುಗಿಯುತ್ತಿತ್ತು. ಮಾಂತುಶೇಠ್‌ಗೆ ಫೋನ್ ಮಾಡಿದೆ. ಅವರು ಅಂಗಡಿ ಮುಚ್ಚಿ ಓಡಿಹೋಗಿ ಹೊಸವು ತಂದುಕೊಟ್ಟರು. ನಿಮಗೆ ಹೇಳಬೇಡ ಎಂದರು."

"ಯಾಕೆ?"

"ಅದನ್ನು ಅವರನ್ನೇ ಕೇಳಿ," ಎಂದು ಏಕನಾಥ ತನ್ನ ಕೆಲಸಕ್ಕೆ ತಿರುಗಿದ.

ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಚನ್ನಬಸವ್ವ ಬಾಗಿಲಲ್ಲಿ ಹಾಗೇ ಕೂತಿದ್ದಳು. "ನಡಿ," ಎಂದರು. ಅವಳು ಚೀಲ ಎತ್ತಿಕೊಂಡು ಎದ್ದಳು. ಘಾಟಿನ ತಗ್ಗುಗಳಲ್ಲಿ ಕಾರು ಇಳಿಯಿತು, ಎದ್ದಿತು. ಅವಳು ಒಮ್ಮೆಯೂ ನರಳಲಿಲ್ಲ.

ಅವರು ಮುಟ್ಟಿದಾಗ ಕಾರ್ಯ ಮುಗಿದಿತ್ತು. ಹಾಡಿದ ಹೆಂಗಸರು ಕುಂಕುಮ ತೆಗೆದುಕೊಂಡು ಹೋಗಿದ್ದರು. ಅಂಗಳದಲ್ಲಿ ಎಂಜಲೆಲೆ ಎತ್ತುತ್ತಿದ್ದರು. "ಅವ್ವಾ, ಹನ್ನೆರಡರ ತನಕ ಕಾದ್ವಿ. ಮುಹೂರ್ತ ಮೀರ್ತದ ಅಂದ್ರು," ಎಂದಳು ಮಾಧುರಿ. ಚನ್ನಬಸವ್ವ ತೊಟ್ಟಿಲ ಬಳಿ ಕೂತು, ಮಲಗಿದ ಕೂಸಿನ ಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದವು. ಸಿದ್ದಲಿಂಗಪ್ಪನವರು ಅಲ್ಲಿ ನಿಲ್ಲಲಾಗದೆ ಮಾಂತುವನ್ನು ಹಿತ್ತಲಿಗೆ ಕರೆದೊಯ್ದರು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬ್ತಿದ್ರೇನ್ರಿ, ಮಾಮಾ?" ಮಾಂತುವಿನ ದನಿ ಏರಲಿಲ್ಲ. "ನಿಜಲಿಂಗಪ್ಪ ನಿಮ್ಮಾಂವ. ನಾನು, ಏಕನಾಥ ಕೂಡಿ ಆಟ ಹೂಡೀವಿ ಅಂತಿದ್ರಿ. ಗಾಡಿ ಗ್ಯಾರೇಜಿನ್ಯಾಗ ಉಳೀತಿತ್ತು, ಅಕ್ಕ ಮನ್ಯಾಗ ಉಳೀತಿದ್ದಳು. ಅದಕ್ಕ ಸುಮ್ಮನಾದೆ. ಈಗೂ ಹಂಗ ಆತು."

"ತಪ್ಪಾತೋ ಮಾಂತು," ಎಂದರು ಸಿದ್ದಲಿಂಗಪ್ಪ. ಅವರ ಬಾಯಿಂದ ಅದು ಬಹಳ ಸಣ್ಣಗೆ ಬಂತು. ಮಾಂತು ತಲೆಯಾಡಿಸಿ ಒಳಗೆ ಹೋದ.

ಸಂಜೆ ಹೊರಡುವಾಗ ಚನ್ನಬಸವ್ವ ಏಳಲಿಲ್ಲ. "ನಾ ಇಲ್ಲೇ ಒಂದು ತಿಂಗಳು ಇರ್ತೀನಿ. ನೀವು ಹೋಗ್ರಿ," ಎಂದಳು. ಅವರು ಒಬ್ಬರೇ ಘಾಟು ಇಳಿದರು.

ಮರುದಿನ ಆ ಎರಡು ಶಾಕಪ್ಪು ಹಿಡಿದುಕೊಂಡು ನಾನಾ ಪೇಠಕ್ಕೆ ಹೋದರು. ನಿಜಲಿಂಗಪ್ಪ ಅವನ್ನು ತಿರುವಿ ನೋಡಿದ. ಚಹಾ ತರಿಸಲಿಲ್ಲ.

"ಇದು ನಮ್ಮ ಮಾಲಲ್ಲ ಬಿಡ್ರಿ. ನಿಮ್ಮ ಮೆಕ್ಯಾನಿಕ್ ಬದಲಿ ಮಾಡ್ಯಾನ. ಬಣ್ಣ ಏನು, ಯಾರರ ಹಚ್ಚತಾರ. ಇವತ್ತಿನ ದಿನಕ್ಕ ಯಾರನ್ನೂ ನಂಬಬಾರದ್ರಿ, ಸಾಹೇಬ್ರ."

ಮೂವತ್ತೊಂದು ವರ್ಷ ಅವರೇ ಎಲ್ಲರಿಗೂ ಹೇಳಿಕೊಂಡು ಬಂದ ಮಾತು ಅದು. ವಾದಿಸದೆ ಎರಡನ್ನೂ ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟು ಹೊರಬಂದರು. ಎದುರಿಗೆ ಎಸ್‌ಟಿಡಿ ಬೂತು ಕಂಡಿತು. ಸಾಸವಡದ ನಂಬರು ಒತ್ತಿದರು. ಫೋನಿಗೆ ಚನ್ನಬಸವ್ವನೇ ಬಂದಳು.

"ಬೆನ್ನು ಹೆಂಗದ?"

"ಆರಾಮದ."

ನಿನ್ನೆ ಇಡೀ ದಿನ ಕೇಳಲು ಮರೆತದ್ದು ಅವರಿಗೆ ಆಗ ನೆನಪಾಯಿತು.

"ಕೂಸಿಗೆ ಹೆಸರೇನಿಟ್ರಿ?"

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು.

"ಶರಣ್ಯಾ ಅಂತ ಇಟ್ಟಾರ. ಬರೋ ಐತವಾರ ಬರ್ರಿ. ಬರೂ ಮುಂದ ಮಾಂತುನ್ನೂ ಕರಕೊಂಡು ಬರ್ರಿ."